‘ಆಕಸ್ಮಿಕ’ ಎಂದು ಬರೆಯುವ ಮುನ್ನ

ನಾನು ಕಳಿಸಿದ್ದು ನಾಲ್ಕೇ ಸಾಲಿನ ಸುದ್ದಿ. ಹಂದಿ ಕಾಟ ತಪ್ಪಲಿ ಎಂದು ಜೋಳದ ಹೊಲದ ಸುತ್ತ ಕಟ್ಟಿದ್ದ ತಂತಿಗೆ ಯಾರೋ ನೇರವಾಗಿ ಲೈನಿನಿಂದ ಕರೆಂಟ್ ಕೊಟ್ಟಿದ್ದರು. ಬೆಳಗಿನ ಜಾವ ನೀರು ಕಟ್ಟಲು ಹೊರಟ ಪಕ್ಕದ ಹೊಲದ ಕೂಲಿಯಾಳು ಅದನ್ನು ದಾಟುವಾಗ ಸತ್ತ. ‘ಆಕಸ್ಮಿಕವಾಗಿ ವಿದ್ಯುತ್ ತಂತಿ ತಗುಲಿ ವ್ಯಕ್ತಿ ಸಾವು’ ಎಂದು ತಲೆಬರಹ ಕೊಟ್ಟೆ. ಠಾಣೆಯಿಂದ ಬಂದ ಮಾಹಿತಿಯಲ್ಲೂ ಅದೇ ಪದ ಇತ್ತು. ಮಾರನೇ ದಿನ ಹಾಗೇ ಅಚ್ಚಾಯಿತು.

ಎರಡು ದಿನ ಬಿಟ್ಟು ಸತ್ತವನ ಅಣ್ಣ ಫೋನ್ ಮಾಡಿದ. ಬೈಯಲಿಲ್ಲ. ‘ಸಾರ್, ಪೇಪರ್‌ನಾಗೆ ಆಕಸ್ಮಿಕ ಅಂತ ಹಾಕಿದೀರ. ಆ ತಂತಿ ತಾನಾಗೇ ಕರೆಂಟ್ ಎಳ್ಕೊಂಡು ಬಂತಾ?’ ಎಂದಷ್ಟೇ ಕೇಳಿದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಎಷ್ಟು ಸಾವುಗಳಿಗೆ ಆ ಪದ ಬರೆದಿದ್ದೇನೋ ಲೆಕ್ಕವಿಲ್ಲ. ಅದು ಎಲ್ಲಿಂದ ಬಂತು, ಅದರ ಕೆಲಸ ಏನು ಎಂದು ನೋಡಿದ್ದು ಆ ಫೋನ್ ಬಂದ ಮೇಲೆ. ನೋಡುತ್ತಾ ಹೋದರೆ ದಾರಿ ಇಂಗ್ಲಿಷ್ ಪದಗಳ ಕಡೆಗೆ ಹೋಯಿತು. ನಮ್ಮ ಠಾಣೆ, ಕೋರ್ಟು, ಇನ್ಶೂರೆನ್ಸ್ ಕಾಗದಗಳಲ್ಲಿರುವ ‘ಆಕಸ್ಮಿಕ’, ‘ನಿರ್ಲಕ್ಷ್ಯ’, ‘ಅಜಾಗರೂಕತೆ’ ಎಲ್ಲದರ ಬೆನ್ನ ಹಿಂದೆ ಒಂದೊಂದು ಇಂಗ್ಲಿಷ್ ಪದ ನಿಂತಿದೆ. ಆ ಪದಗಳಿಗೆ ಒಂದು ಚರಿತ್ರೆ ಇದೆ. ಅದು ಗೊತ್ತಿದ್ದರೆ ನಮ್ಮ ಊರಿನ ಎಷ್ಟೋ ಕೇಸುಗಳು ಬೇರೆ ಥರ ಕಾಣುತ್ತವೆ.

ಬೇಕಂತ ಮಾಡಿದ್ದಲ್ಲ ಎನ್ನಲು ಎಷ್ಟು ಪದ

‘ಗೊತ್ತಿಲ್ಲದೆ ಆಯ್ತು’, ‘ಬೇಕಂತ ಮಾಡಿದ್ದಲ್ಲ’ ಎಂದು ಹೇಳಲು ಇಂಗ್ಲಿಷಿನಲ್ಲಿ ಪದಗಳ ರಾಶಿಯೇ ಇದೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಒಡೆದು ನೋಡಿದರೆ ಒಂದೊಂದೂ ಬೇರೆ.

ನಮ್ಮ ಬಾಯಲ್ಲೇ ಇರುವ ‘ಆಕ್ಸಿಡೆಂಟ್’ ತೆಗೆದುಕೊಳ್ಳಿ. ಅದು ಲ್ಯಾಟಿನ್ ಭಾಷೆಯ ಪದ. ಮೂಲ ಅರ್ಥ ‘ಮೇಲೆ ಬಿದ್ದದ್ದು’. ಮರದಿಂದ ಕಾಯಿ ಬಿದ್ದ ಹಾಗೆ. ಬೀಳಿಸಿದವರು ಯಾರು ಎಂಬ ಪ್ರಶ್ನೆಗೆ ಆ ಪದದಲ್ಲಿ ಜಾಗವೇ ಇಲ್ಲ.

‘ಮಿಸ್ಟೇಕ್’ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ‘ತಪ್ಪಾಗಿ ತೆಗೆದುಕೊಂಡದ್ದು’ ಎಂದರ್ಥ. ಜಾತ್ರೆಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದ ಹಾಗೆ. ಇಲ್ಲಿ ಮನುಷ್ಯ ಇದ್ದಾನೆ, ಅವನಿಗೆ ಒಂದು ಉದ್ದೇಶವೂ ಇದೆ, ತಿಳಿದುಕೊಂಡದ್ದು ಮಾತ್ರ ತಪ್ಪು.

‘ಅನ್‌ವಿಟಿಂಗ್ಲಿ’ ಎಂದರೆ ಅರಿಯದೆ. ಅದರೊಳಗಿನ ‘ವಿಟ್’ ಮತ್ತು ಸಂಸ್ಕೃತದ ‘ವಿದ್’ ಒಂದೇ ಬೇರಿನವು. ವೇದ, ವಿದ್ಯೆ, ವಿದ್ವಾಂಸ ಎಂಬ ನಮ್ಮ ಪದಗಳೂ ಅದೇ ಬೇರಿನ ಕೊಂಬೆಗಳು. ‘ಇನ್‌ಅಡ್ವರ್ಟೆಂಟ್’ ಎಂದರೆ ಅತ್ತ ಮುಖ ತಿರುಗಿಸದೆ ಇದ್ದದ್ದು. ಅದರ ನಡುವೆ ಇರುವ ‘ತಿರುಗು’ ಎಂಬ ಬೇರು ಸಂಸ್ಕೃತದ ‘ವೃತ್’ ಜೊತೆ ಹುಟ್ಟಿದ್ದು. ನಮ್ಮ ಆವೃತ್ತಿ, ಪರಿವರ್ತನೆ ಪದಗಳಲ್ಲಿ ಇರುವುದೂ ಅದೇ.

‘ನೆಗ್ಲಿಜೆನ್ಸ್’ ಇನ್ನೂ ಸೊಗಸಾಗಿದೆ. ಲ್ಯಾಟಿನ್‌ನಲ್ಲಿ ಅದರ ಮೂಲ ‘ಆರಿಸದೆ ಬಿಡುವುದು’. ಅಕ್ಕಿಯಲ್ಲಿ ಕಲ್ಲು ಇರುತ್ತದೆ ಎಂದು ಗೊತ್ತಿದೆ, ಆರಿಸುವ ಕೆಲಸ ನಮ್ಮದು, ಆರಿಸಲಿಲ್ಲ, ಉಂಡವರ ಹಲ್ಲು ಮುರಿಯಿತು. ಹಲ್ಲು ಮುರಿಯಬೇಕು ಎಂದು ಯಾರೂ ಬಯಸಿರಲಿಲ್ಲ. ಆದರೂ ಕೆಲಸ ಯಾರದಾಗಿತ್ತು ಎಂದು ಕೇಳಬಹುದು. ಕನ್ನಡದ ‘ನಿರ್ಲಕ್ಷ್ಯ’ವೂ ಹತ್ತಿರದ್ದೇ. ಲಕ್ಷ್ಯ ಇಡಬೇಕಾದಲ್ಲಿ ಇಡಲಿಲ್ಲ ಎಂದು.

ಈಗ ನಾನು ಬರೆದ ಪದಕ್ಕೆ ಬರೋಣ. ‘ಆಕಸ್ಮಿಕ’ ಸಂಸ್ಕೃತದ ‘ಅಕಸ್ಮಾತ್’ನಿಂದ ಬಂದದ್ದು. ‘ಕಸ್ಮಾತ್’ ಎಂದರೆ ‘ಯಾತರಿಂದ? ಯಾಕೆ?’ ಎಂಬ ಪ್ರಶ್ನೆ. ಅದರ ಹಿಂದೆ ‘ಅ’ ಸೇರಿದರೆ ‘ಯಾಕೆ ಎಂಬುದಿಲ್ಲ’ ಎಂದಾಗುತ್ತದೆ. ಅಂದರೆ ಈ ಪದ ಬರೆದ ಕೂಡಲೇ ‘ಯಾಕೆ’ ಎಂಬ ಪ್ರಶ್ನೆಗೆ ಬಾಗಿಲು ಹಾಕಿದ ಹಾಗೆ. ಆ ಅಣ್ಣ ಕೇಳಿದ್ದು ಅದೇ ಪ್ರಶ್ನೆ. ನಾನು ಅವನಿಗಿಂತ ಮುಂಚೆಯೇ ಹೋಗಿ ಬಾಗಿಲು ಹಾಕಿ ಬಂದಿದ್ದೆ.

ಗಾಡಿಗೇ ದಂಡ ಹಾಕುತ್ತಿದ್ದ ಕಾಲ

ಬೇಕಂತ ಮಾಡದ ಸಾವಿಗೆ ಯಾರು ಹೊಣೆ ಎಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಬಹಳ ಹಳೆಯದು. ಅಲ್ಲಿ ‘ಡಿಯೋಡ್ಯಾಂಡ್’ ಎಂಬ ಪದ್ಧತಿ ಇತ್ತು. ‘ದೇವರಿಗೆ ಕೊಡತಕ್ಕದ್ದು’ ಎಂದು ಅದರ ಅರ್ಥ. ಎತ್ತಿನ ಗಾಡಿ ಹರಿದು ಒಬ್ಬ ಸತ್ತರೆ ಆ ಗಾಡಿಯೇ ತಪ್ಪಿತಸ್ಥ. ಕುದುರೆ ಒದ್ದರೆ ಕುದುರೆ. ಆ ವಸ್ತು ಅಥವಾ ಅದರ ಬೆಲೆ ರಾಜನ ಪಾಲಾಗಬೇಕು, ಅದು ಧರ್ಮಕಾರ್ಯಕ್ಕೆ ಹೋಗಬೇಕು ಎಂಬುದು ನಂಬಿಕೆ. ನಮಗೆ ನಗು ಬರಬಹುದು. ಆದರೆ ಒಂದು ಜೀವ ಹೋಗಿದೆ, ಅದಕ್ಕೆ ಏನಾದರೂ ಬೆಲೆ ಕಟ್ಟಲೇಬೇಕು ಎಂಬ ಯೋಚನೆಯಾದರೂ ಅದರಲ್ಲಿ ಇತ್ತು.

ರೈಲು ಬಂದ ಮೇಲೆ ಈ ಪದ್ಧತಿಗೆ ಕುತ್ತು ಬಂತು. 1841ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಲಂಡನ್ನಿನ ಪಶ್ಚಿಮಕ್ಕೆ ಸಾನಿಂಗ್ ಎಂಬಲ್ಲಿ ಗುಡ್ಡ ಸೀಳಿ ಹಾಕಿದ್ದ ಹಳಿ. ಮಳೆಗೆ ಮಣ್ಣು ಕುಸಿದು ಹಳಿ ಮೇಲೆ ಬಿದ್ದಿತ್ತು. ರೈಲು ಅದಕ್ಕೆ ನುಗ್ಗಿತು. 9 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹಬ್ಬಕ್ಕೆ ಊರಿಗೆ ಹೊರಟಿದ್ದ ಕಲ್ಲುಕೆಲಸದವರು, ಮೂರನೇ ದರ್ಜೆಯ ಪ್ರಯಾಣಿಕರು. ಮೂರನೇ ದರ್ಜೆ ಎಂದರೆ ಮೇಲೆ ಚಾವಣಿ ಇಲ್ಲದ ತೆರೆದ ಬೋಗಿ. ಅದನ್ನು ಎಂಜಿನ್ನಿಗೂ ಹಿಂದಿನ ಭಾರದ ಸರಕು ಬೋಗಿಗಳಿಗೂ ನಡುವೆ ಕಟ್ಟಿದ್ದರು. ಎಂಜಿನ್ ಗಕ್ಕನೆ ನಿಂತಾಗ ಹಿಂದಿನ ಭಾರವೆಲ್ಲ ಆ ಬಡವರ ಮೇಲೆ ಬಂತು.

ವಿಚಾರಣೆಯಲ್ಲಿ ಕುಳಿತ ಊರ ಪಂಚರು ‘ಆಕ್ಸಿಡೆಂಟಲ್’ ಸಾವು ಎಂದೇ ತೀರ್ಪು ಕೊಟ್ಟರು. ಅಷ್ಟಕ್ಕೇ ಬಿಡದೆ ಎಂಜಿನ್ ಮತ್ತು ಬೋಗಿಗಳ ಮೇಲೆ 1,000 ಪೌಂಡ್ ಡಿಯೋಡ್ಯಾಂಡ್ ಹಾಕಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಮಳೆ ಬಂದದ್ದು, ಮಣ್ಣು ಕುಸಿದದ್ದು ಯಾರ ಕೈಯಲ್ಲೂ ಇಲ್ಲ, ಸರಿ. ಆದರೆ ಬಡವರ ಬೋಗಿಯನ್ನು ಅಲ್ಲಿ ಕಟ್ಟಿದ್ದು ಆಕಾಶದಿಂದ ಬಿದ್ದದ್ದಲ್ಲವಲ್ಲ. ಆ ದಂಡವನ್ನು ನಾನು ಓದಿಕೊಂಡದ್ದು ಹೀಗೆ.

ಇಂಥ ದಂಡಗಳು ರೈಲು ಕಂಪನಿಗಳಿಗೆ ತಲೆನೋವಾದವು. 1846ರಲ್ಲಿ ಬ್ರಿಟನ್ ಪಾರ್ಲಿಮೆಂಟು ಡಿಯೋಡ್ಯಾಂಡ್ ಪದ್ಧತಿಯನ್ನೇ ತೆಗೆದುಹಾಕಿತು. ಅದೇ ವರ್ಷ ‘ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್’ ಎಂಬ ಹೊಸ ಕಾನೂನು ತಂದಿತು. ಸತ್ತವನ ಹೆಂಡತಿ ಮಕ್ಕಳು ಇನ್ನು ಮುಂದೆ ಪರಿಹಾರ ಕೇಳಬಹುದು, ಆದರೆ ಎದುರಿನವರ ತಪ್ಪು ಅಥವಾ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಭಾರತಕ್ಕೆ ಇದೇ ಮಾದರಿಯ ಕಾನೂನು ಬಂದದ್ದು 1855ರಲ್ಲಿ.

ಗಮನಿಸಿ, ಕಾನೂನಿನ ಹೆಸರಿನಲ್ಲಿ ಇರುವುದು ‘ಆಕ್ಸಿಡೆಂಟ್’, ಒಳಗೆ ಕೇಳುವುದು ‘ನಿರ್ಲಕ್ಷ್ಯ ಯಾರದು’ ಎಂದು. ಅಂದಿನಿಂದ ಈ ಎರಡು ಪದ ಒಂದೇ ಗಾಡಿಗೆ ಕಟ್ಟಿದ ಎರಡು ದಿಕ್ಕಿನ ಎತ್ತುಗಳು. ಒಂದು ‘ಯಾರೂ ಅಲ್ಲ’ ಎಂದು ಎಳೆಯುತ್ತದೆ, ಇನ್ನೊಂದು ‘ಯಾರೋ ಇದ್ದಾರೆ’ ಎಂದು ಎಳೆಯುತ್ತದೆ.

ಹತ್ತು ವರ್ಷ ಇಲ್ಲದೇ ಇದ್ದ ಕಲಂ

ಪರಿಹಾರದ ಮಾತು ಆಯಿತು, ಇನ್ನು ಶಿಕ್ಷೆಯದು. ಮೆಕಾಲೆಯ ನೇತೃತ್ವದ ಸಮಿತಿ 1837ರಲ್ಲಿ ಭಾರತಕ್ಕೆ ದಂಡ ಸಂಹಿತೆಯ ಕರಡು ಸಿದ್ಧಮಾಡಿತು. ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಸಾವು ತಂದರೆ ಶಿಕ್ಷೆ ಎಂಬ ಕಲಂ ಆ ಕರಡಿನಲ್ಲಿ ಇತ್ತು. ಆದರೆ 1860ರಲ್ಲಿ ಐಪಿಸಿ ಕಾನೂನಾಗಿ ಬಂದಾಗ ಆ ಕಲಂ ಕಾಣಲಿಲ್ಲ. 1870ರಲ್ಲಿ ತಿದ್ದುಪಡಿ ಮಾಡಿ ಸೇರಿಸಿದರು. ಅದೇ 304-ಎ. ಗರಿಷ್ಠ ಎರಡು ವರ್ಷ ಶಿಕ್ಷೆ. ನಂತರ ಸೇರಿಸಿದ್ದರಿಂದಲೇ ಆ ‘ಎ’ ಬಾಲ.

ಆ ಕಲಮಿನಲ್ಲಿ ಎರಡು ಪದಗಳಿವೆ, ‘ರ‍್ಯಾಶ್’ ಮತ್ತು ‘ನೆಗ್ಲಿಜೆಂಟ್’. ಎರಡಕ್ಕೂ ವ್ಯತ್ಯಾಸ ಏನು ಎಂದು 1872ರಲ್ಲೇ ಮದ್ರಾಸ್ ಹೈಕೋರ್ಟ್ ಬಿಡಿಸಿ ಹೇಳಿತು. ಆಗ ಮಂಗಳೂರು, ಬಳ್ಳಾರಿಯ ಜನರಿಗೂ ಅದೇ ಹೈಕೋರ್ಟ್. ಅದರ ಸಾರ ಇಷ್ಟು. ಅನಾಹುತ ಆಗಬಹುದು ಎಂದು ಗೊತ್ತಿದ್ದೂ ‘ಏನೂ ಆಗಲಿಕ್ಕಿಲ್ಲ ಬಿಡು’ ಎಂದು ಮುಂದುವರಿದರೆ ಅದು ರ‍್ಯಾಶ್. ಅನಾಹುತದ ಯೋಚನೆಯೇ ತಲೆಗೆ ಬಂದಿಲ್ಲ, ಆದರೆ ಬರಬೇಕಿತ್ತು, ಎಚ್ಚರಿಕೆ ತೆಗೆದುಕೊಳ್ಳಬೇಕಿತ್ತು ಎಂದಾದರೆ ಅದು ನೆಗ್ಲಿಜೆಂಟ್.

ಎರಡರಲ್ಲೂ ಕೊಲ್ಲುವ ಉದ್ದೇಶ ಇಲ್ಲ. ಉದ್ದೇಶ ಇಲ್ಲ ಎಂದ ಮಾತ್ರಕ್ಕೆ ಹೊಣೆ ಇಲ್ಲ ಎಂದಲ್ಲ. ಈ ಇಡೀ ಚರಿತ್ರೆಯಲ್ಲಿ ನೆನಪಿಡಬೇಕಾದ ಒಂದು ಮಾತು ಇದ್ದರೆ ಅದು ಇದೇ.

ನಮ್ಮ ಎಫ್‌ಐಆರ್‌ಗಳಲ್ಲಿ ಈ ಜೋಡಿ ‘ಅತಿವೇಗ ಮತ್ತು ಅಜಾಗರೂಕತೆ’ ಆಗಿದೆ. ರಸ್ತೆ ಅಪಘಾತದ ಯಾವ ದೂರು ತೆಗೆದರೂ ಈ ಮಾತು ಸಿಗುತ್ತದೆ. ‘ರ‍್ಯಾಶ್’ಗೆ ಅತಿವೇಗ ಎಂಬುದು ಪೂರಾ ತಪ್ಪಲ್ಲ, ಆ ಪದದ ಹಳೆಯ ಅರ್ಥ ‘ಬೇಗ’ ಎಂದೇ. ಜರ್ಮನ್ ಭಾಷೆಯಲ್ಲಿ ಅದರ ಸೋದರ ಪದಕ್ಕೆ ಇವತ್ತಿಗೂ ಅದೇ ಅರ್ಥ. ಆದರೆ ಕಾನೂನಿನ ‘ರ‍್ಯಾಶ್’ಗೆ ಸ್ಪೀಡ್ ಬೇಕಿಲ್ಲ. ನಿಂತ ಜಾಗದಲ್ಲೇ ದುಡುಕಬಹುದು. ಬ್ರೇಕ್ ಇಲ್ಲ ಎಂದು ಗೊತ್ತಿದ್ದೂ ಟ್ರ್ಯಾಕ್ಟರ್ ತೆಗೆದವನು ಹತ್ತು ಕಿಲೋಮೀಟರ್ ವೇಗದಲ್ಲಿ ಹೋದರೂ ಅದು ದುಡುಕೇ. ‘ದುಡುಕು’ ನಮ್ಮ ಒಳ್ಳೆಯ ಪದ. ಅದನ್ನು ಬಿಟ್ಟು ಅತಿವೇಗ ಎಂದುಕೊಂಡದ್ದರಿಂದ ವಾಹನ ಇಲ್ಲದ ಸಾವುಗಳಲ್ಲಿ ನಮಗೆ ದುಡುಕು ಕಾಣುವುದೇ ಇಲ್ಲ.

ಅದಕ್ಕೆ ಸರಿಯಾದ ಉದಾಹರಣೆ ಸುಪ್ರೀಂ ಕೋರ್ಟ್ 1963ರಲ್ಲಿ ತೀರ್ಮಾನಿಸಿದ ಬಿಹಾರದ ಒಂದು ಪ್ರಕರಣ. ಅಕ್ಕಪಕ್ಕದ ಮನೆಗಳು. ಒಂದು ಮನೆಯ ಪಾಯಖಾನೆಯ ಗೋಡೆ ಬಿದ್ದುಹೋಯಿತು. ಆ ಮನೆಯವರು ಪಕ್ಕದವನ ಪಾಯಖಾನೆ ಬಳಸತೊಡಗಿದರು. ಅವನಿಗೆ ಇಷ್ಟವಾಗಲಿಲ್ಲ. ಬರಬೇಡಿ ಎಂದ, ಅವರು ಕೇಳಲಿಲ್ಲ. ದಾರಿಗೆ ಅಡ್ಡವಾಗಿ ಬರೀ ತಾಮ್ರದ ತಂತಿ ಕಟ್ಟಿ ಮನೆಯ ಕರೆಂಟ್ ಕೊಟ್ಟ. ತಂತಿಯಲ್ಲಿ ಕರೆಂಟ್ ಇದೆ ಎಂದು ಯಾರಿಗೂ ಹೇಳಲಿಲ್ಲ, ಬೋರ್ಡ್ ಹಾಕಲಿಲ್ಲ. ಪಕ್ಕದ ಮನೆಯ ಹೆಂಗಸು ಅದು ತಾಗಿ ಸತ್ತಳು.

ನನ್ನ ಜಾಗ, ನನ್ನ ಆಸ್ತಿ, ಅವಳು ಅತಿಕ್ರಮ ಬಂದಳು ಎಂಬುದು ಅವನ ವಾದ. ಕೋರ್ಟ್ ಒಪ್ಪಲಿಲ್ಲ. ಅತಿಕ್ರಮ ಬಂದವರು ಎಂದ ಮಾತ್ರಕ್ಕೆ ಜೀವ ತೆಗೆಯುವ ಬಲೆ ಒಡ್ಡಿಡುವ ಹಕ್ಕು ಜಾಗದ ಯಜಮಾನನಿಗಿಲ್ಲ ಎಂದು 304-ಎ ಶಿಕ್ಷೆಯನ್ನು ಎತ್ತಿಹಿಡಿಯಿತು.

ಆ ಪ್ರಕರಣಕ್ಕೂ ನನ್ನ ನಾಲ್ಕು ಸಾಲಿನ ಸುದ್ದಿಗೂ ಎಷ್ಟು ಹತ್ತಿರ ನೋಡಿ. ಅಲ್ಲಿ ಪಾಯಖಾನೆ, ಇಲ್ಲಿ ಜೋಳದ ಹೊಲ. ಬೆಳೆ ಉಳಿಸಿಕೊಳ್ಳುವುದು ರೈತನ ಕಷ್ಟ, ಅದು ನನಗೂ ಗೊತ್ತು. ಆದರೆ ಸೋಲಾರ್ ಬೇಲಿಯ ಯಂತ್ರ ಕ್ಷಣಕ್ಕೊಮ್ಮೆ ಬಿಟ್ಟು ಬಿಟ್ಟು ಶಾಕ್ ಕೊಡುತ್ತದೆ, ಮುಟ್ಟಿದವನು ಕೈ ಹಿಂದೆ ತೆಗೆಯಲು ಎಡೆ ಸಿಗುತ್ತದೆ. ನೇರ ಲೈನಿನ ಕರೆಂಟ್ ನಿಲ್ಲುವುದೇ ಇಲ್ಲ, ಹಿಡಿದವನನ್ನು ಬಿಡುವುದಿಲ್ಲ. ಹಂದಿಯನ್ನು ಕೊಲ್ಲುವ ತಂತಿ ಮನುಷ್ಯನನ್ನೂ ಕೊಲ್ಲುತ್ತದೆ ಎಂಬುದು ಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? ‘ಯಾರೂ ಬರಲಿಕ್ಕಿಲ್ಲ ಬಿಡು’ ಎಂದುಕೊಂಡು ಸ್ವಿಚ್ ಹಾಕಿದರೆ ಅದನ್ನು 1872ರ ಅಳತೆಯಲ್ಲಿ ಏನೆನ್ನಬೇಕು ಎಂದು ನೀವೇ ಯೋಚಿಸಿ.

ಅದೇ ಪದ ಬಡವನ ಪರ ನಿಂತಾಗ

ಹಾಗಾದರೆ ‘ಆಕ್ಸಿಡೆಂಟ್’ ಬರೀ ಉಳ್ಳವರ ಪದವೇ? ಅಲ್ಲ. ಚರಿತ್ರೆಯಲ್ಲಿ ಒಂದು ತಿರುವು ಇದೆ.

ಕಾರ್ಖಾನೆಯಲ್ಲಿ ಕೈ ಕಳೆದುಕೊಂಡ ಕೂಲಿಯವನು ಮಾಲೀಕನ ನಿರ್ಲಕ್ಷ್ಯ ಸಾಬೀತು ಮಾಡುವುದು ಹೇಗೆ? ಸಾಕ್ಷಿ ಹೇಳಬೇಕಾದವರು ಅದೇ ಮಾಲೀಕನ ಹತ್ತಿರ ದುಡಿಯುವವರು. ಇದನ್ನು ನೋಡಿ ಬ್ರಿಟನ್ 1897ರಲ್ಲಿ ಕಾನೂನೊಂದನ್ನು ತಂದಿತು. ಅದರಲ್ಲಿ ಹೇಳಿದ ಉದ್ಯೋಗಗಳಲ್ಲಿ ಕೆಲಸದ ವೇಳೆ, ಕೆಲಸದಿಂದಾಗಿ ‘ಆಕ್ಸಿಡೆಂಟ್’ ಆದರೆ ಸಾಕು, ಮಾಲೀಕನ ತಪ್ಪು ತೋರಿಸಬೇಕಿಲ್ಲ, ಪರಿಹಾರ ಕೊಡಬೇಕು.

ಆಗ ಜಗಳ ‘ಆಕ್ಸಿಡೆಂಟ್ ಅಂದರೆ ಏನು’ ಎಂಬಲ್ಲಿಗೆ ಬಂತು. ದನದ ಹಿಂಡಿ ಒತ್ತುವ ಯಂತ್ರದ ಚಕ್ರ ತಿರುಗಿಸುತ್ತಿದ್ದ ಒಬ್ಬ ಕೆಲಸಗಾರನಿಗೆ ಚಕ್ರ ಸಿಕ್ಕಿಕೊಂಡಿತು. ಬಲ ಹಾಕಿ ತಿರುಗಿಸಿದಾಗ ಹೊಟ್ಟೆಯೊಳಗೆ ಹರಿದು ಹರ್ನಿಯಾ ಆಯಿತು. ಅವನು ಬೇಕಂತಲೇ ಬಲ ಹಾಕಿದ್ದು, ಯಂತ್ರವೇನೂ ಮುರಿದು ಬೀಳಲಿಲ್ಲ, ಇದು ಆಕ್ಸಿಡೆಂಟ್ ಹೇಗಾಗುತ್ತದೆ ಎಂದು ಎದುರು ಪಕ್ಷ ವಾದಿಸಿತು. 1903ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಜನಸಾಮಾನ್ಯರು ಆ ಪದವನ್ನು ಹೇಗೆ ಬಳಸುತ್ತಾರೋ ಹಾಗೆ ನೋಡಬೇಕು ಎಂದಿತು. ಎದುರು ನೋಡದ, ಬಯಸದ ಕೇಡು ಬಂದರೆ ಅದು ಆಕ್ಸಿಡೆಂಟ್. ಬಲ ಹಾಕಿದ್ದು ಉದ್ದೇಶಪೂರ್ವಕ, ಹೊಟ್ಟೆ ಹರಿದದ್ದು ಅಲ್ಲ. ಕೆಲಸಗಾರ ಗೆದ್ದ.

ನಮ್ಮಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು ಇದೇ ಪದವನ್ನು ಹಿಡಿದು. ವಾಹನಗಳ ವಿಷಯದಲ್ಲೂ ಹಾಗೇ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ 164ನೇ ಕಲಮಿನ ಪ್ರಕಾರ, ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು.

ಅಂದರೆ ಪರಿಹಾರ ಕೇಳುವಾಗ ‘ಆಕ್ಸಿಡೆಂಟ್’ ನಮ್ಮ ಕೈ ಹಿಡಿಯಬಹುದು. ಹೊಣೆ ಕೇಳುವಾಗ ಅದೇ ಪದ ಕೈ ಕೊಡಬಹುದು. ಯಾವ ಕಾಗದದಲ್ಲಿ, ಯಾರ ಬಾಯಿಂದ ಬಂತು ಎಂದು ನೋಡಬೇಕು.

ಬರೆಯುವವರೂ ಎಚ್ಚೆತ್ತರು

ಈ ಮುಜುಗರ ನನ್ನೊಬ್ಬನದಲ್ಲ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆ ‘ಆಕ್ಸಿಡೆಂಟ್’ ಪದವನ್ನೇ ತನ್ನ ಪುಟಗಳಿಂದ ಹೊರಗಿಡಲು ತೀರ್ಮಾನಿಸಿತು. ಗಾಯಗಳಲ್ಲಿ ಹೆಚ್ಚಿನವು ಮೊದಲೇ ಊಹಿಸಬಹುದಾದವು, ತಡೆಯಬಹುದಾದವು. ಆ ಪದ ಬಳಸಿದರೆ ವಿಧಿಯ ಆಟ ಎಂಬ ಭಾವನೆ ಬರುತ್ತದೆ ಎಂಬುದು ಕಾರಣ. 2016ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ವರದಿಗಾರರ ಕೈಪಿಡಿಯಲ್ಲಿ ಒಂದು ಸೂಚನೆ ಸೇರಿಸಿತು. ಡಿಕ್ಕಿಯಲ್ಲಿ ಯಾರದಾದರೂ ನಿರ್ಲಕ್ಷ್ಯ ಇದೆ ಎಂಬ ಆರೋಪ ಇದ್ದರೆ ಅಥವಾ ಸಾಬೀತಾಗಿದ್ದರೆ ‘ಆಕ್ಸಿಡೆಂಟ್’ ಬರೆಯಬೇಡಿ, ಹೊಣೆಗಾರರನ್ನು ಖುಲಾಸೆ ಮಾಡಿದಂತೆ ಕೆಲವರಿಗೆ ಕಾಣಬಹುದು ಎಂದು.

ಕನ್ನಡದಲ್ಲಿ ಇನ್ನೊಂದು ಸುಲಭದ ದಾರಿ ಇದೆ. ಮಗು ಲೋಟ ಒಡೆದರೆ ‘ಒಡೆದೆ’ ಎನ್ನುವುದಿಲ್ಲ, ‘ಒಡೆದುಹೋಯ್ತು’ ಎನ್ನುತ್ತದೆ. ನಾವು ಸುದ್ದಿಯವರೂ ಅದೇ ಮಗುವಿನ ಹಾಗೆ. ‘ನಿಯಂತ್ರಣ ತಪ್ಪಿದ ಲಾರಿ’, ‘ಆಯತಪ್ಪಿ ಬಿದ್ದ ಕಾರ್ಮಿಕ’, ‘ಕೊಳವೆಬಾವಿಗೆ ಬಿದ್ದ ಬಾಲಕ’. ಲಾರಿ ಓಡಿಸಿದವರು, ಕಟ್ಟಡಕ್ಕೆ ಬಲೆ ಕಟ್ಟದವರು, ಕೊಳವೆಬಾವಿ ಮುಚ್ಚದವರು ಒಬ್ಬರೂ ಆ ಸಾಲುಗಳಲ್ಲಿ ಇಲ್ಲ.

ಹಾಗೆಂದು ನಾವೇ ಇಂಥವನೇ ತಪ್ಪಿತಸ್ಥ ಎಂದು ಬರೆಯುವ ಹಾಗೂ ಇಲ್ಲ. ಅದು ಕೋರ್ಟಿನ ಕೆಲಸ. ನಿಜವಾದ ಆಕಸ್ಮಿಕವೂ ಲೋಕದಲ್ಲಿ ಇದೆ. ಎಲ್ಲ ಎಚ್ಚರಿಕೆಯಿಂದ ನ್ಯಾಯವಾದ ಕೆಲಸ ಮಾಡುವಾಗ ಕೇಡಾದರೆ ಅದು ಅಪರಾಧವಲ್ಲ ಎಂದು ಐಪಿಸಿಯ 80ನೇ ಕಲಮಿನಲ್ಲಿ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 18ನೇ ಕಲಮಿನಲ್ಲೂ ಇದೆ. ಆದರೆ ಆ ತೀರ್ಮಾನ ವಿಚಾರಣೆಯ ಕೊನೆಗೆ ಬರಬೇಕಾದದ್ದು. ಹೆಣ ಎತ್ತುವ ಮುಂಚೆ ತಲೆಬರಹದಲ್ಲಿ ಬರಬೇಕಾದದ್ದಲ್ಲ.

2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಯಲ್ಲಿದೆ. ಹಳೆಯ 304-ಎ ಈಗ 106(1). ಶಿಕ್ಷೆ ಎರಡು ವರ್ಷದಿಂದ ಐದು ವರ್ಷದವರೆಗೆ ಏರಿದೆ. ಅಂಕೆ ಬದಲಾಗಿದೆ, ಒಳಗಿನ ಆ ಎರಡು ಪದ ಮಾತ್ರ 1870ರವೇ.

ಓದುಗರಿಗೆ ಒಂದು ಮಾತು. ಮನೆಯಲ್ಲಿ ಇಂಥ ಸಾವು ಸಂಭವಿಸಿದಾಗ ಠಾಣೆಯಲ್ಲಿ ಮೊದಲು ಆಗುವುದು ಸಾಮಾನ್ಯವಾಗಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಅದು ಸಾವಿಗೆ ಕಾರಣ ಏನು ಎಂದು ತಿಳಿಯಲು ಮಾತ್ರ, ಯಾರ ಮೇಲೂ ಕೇಸಲ್ಲ. ಬರೆದುಕೊಟ್ಟದ್ದಕ್ಕೆ ಸಹಿ ಹಾಕುವ ಮುಂಚೆ ಓದಿಸಿ ಕೇಳಿ. ‘ಆಕಸ್ಮಿಕ’ ಎಂದಿದ್ದರೆ ಅದು ನಿಮ್ಮ ಮಾತೋ, ಬರೆದವರ ಮಾತೋ ಯೋಚಿಸಿ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕು. ತಂತಿ ಎಲ್ಲಿತ್ತು, ಕರೆಂಟ್ ಎಲ್ಲಿಂದ ಬಂದಿತ್ತು, ಬೋರ್ಡ್ ಇತ್ತೋ ಇಲ್ಲವೋ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು.

ಆ ಅಣ್ಣ ಮತ್ತೆ ಠಾಣೆಗೆ ಹೋಗಿ ಬೇರೆ ದೂರು ಬರೆಸಿದ. ಅದು ಈಗ ವಿಚಾರಣೆಯಲ್ಲಿದೆ, ಹೆಚ್ಚು ಬರೆಯುವುದು ಸರಿಯಲ್ಲ. ನಾನು ಮಾತ್ರ ಅಂದಿನಿಂದ ತಲೆಬರಹ ಹೀಗೆ ಕೊಡುತ್ತಿದ್ದೇನೆ: ‘ಹೊಲದ ಬೇಲಿಗೆ ಹರಿಸಿದ್ದ ವಿದ್ಯುತ್ ತಗುಲಿ ಕೂಲಿ ಕಾರ್ಮಿಕ ಸಾವು’. ಒಂದೆರಡು ಪದ ಹೆಚ್ಚಾಗುತ್ತದೆ. ಡೆಸ್ಕಿನವರು ಕೆಲವೊಮ್ಮೆ ಕತ್ತರಿಸುತ್ತಾರೆ. ನಾನು ಮತ್ತೆ ಫೋನ್ ಮಾಡಿ ಸೇರಿಸಿ ಎನ್ನುತ್ತೇನೆ.